ಪೆನ್ಸಿಲಿನ ಮೂವತ್ತೊಂದು ಹೆಸರು

ಗಡಿ ಎಳೆದವರು ಜನರನ್ನು ಎಣಿಸಿದರು, ಪುಸ್ತಕಗಳನ್ನು ಎಣಿಸಲಿಲ್ಲ. ಐವತ್ತಾರನೇ ಇಸವಿಯ ನವೆಂಬರಿನಲ್ಲಿ ಕಾಸರಗೋಡು ಕೇರಳಕ್ಕೆ ಸೇರಿತು. ಆಮೇಲೆ ನೋಡಿದರೆ ತಾಲೂಕಿನ ಊರೂರಿನ ಜಮೀನು ಪುಸ್ತಕಗಳೆಲ್ಲ ಕನ್ನಡದಲ್ಲಿ. ಕನ್ನಡವೆಂದರೆ ಶಾಲೆಯ ಕನ್ನಡವೂ ಅಲ್ಲ. ಶಾನುಭೋಗರು ಲೇಖನಿ ಎತ್ತದೆ ಒಂದಕ್ಕೊಂದು ಹೆಣೆದು ಬರೆಯುವ ಮೋಡಿ ಅಕ್ಷರ. ಹೊಸ ಸರಕಾರದ ಗುಮಾಸ್ತರಿಗೆ ಅದು ಇರುವೆ ಸಾಲಿನ ಹಾಗೆ ಕಂಡಿತು. ಅದನ್ನೆಲ್ಲ ಇಂಗ್ಲಿಷಿಗೆ ಇಳಿಸಲು ಎರ್ನಾಕುಳಂನಲ್ಲಿ ಒಂದು ಸಣ್ಣ ವಿಭಾಗ ತೆರೆದರು. ಒಣಮೀನು ಅಂಗಡಿಯ ಮೇಲಿನ ಮಹಡಿ, ಉದ್ದನೆಯ ಒಂದು ಕೋಣೆ, ಏಳು ಮೇಜು. ಏಳು ಜನರಲ್ಲಿ ಮೋಡಿ ಓದಬಲ್ಲವರು ಇಬ್ಬರೇ. ಅವರಲ್ಲಿ ಒಬ್ಬ ಮುದುಕರು ಮೊದಲ ಮಳೆಗಾಲಕ್ಕೇ ಕೆಮ್ಮು ಹಿಡಿದು ಊರಿಗೆ ಹೋದವರು ಮರಳಲಿಲ್ಲ. ಉಳಿದವಳು ವಾರಿಜಾ. ಅವಳು ಓದಿ ಹೇಳಿದ್ದನ್ನು ಮಿಕ್ಕವರು ಬರೆದುಕೊಳ್ಳುವರು, ಕೆಲವು ಪುಸ್ತಕಗಳನ್ನು ಅವಳೇ ಪೂರ್ತಿ ಬರೆಯುವಳು.

ಪ್ರತಿ ಆದ ಮೇಲೆ ಮೂಲ ಪುಸ್ತಕಕ್ಕೆ 'ಮುಗಿದದ್ದು' ಎಂದು ಮುದ್ರೆ ಒತ್ತಿ ಕೆಳಗಿನ ಗೋದಾಮಿಗೆ ಹಾಕುತ್ತಿದ್ದರು. ಅಲ್ಲಿಂದ ಹರಾಜು, ಹರಾಜಿನಿಂದ ಕಾಗದದ ಗಿರಣಿ. ಇನ್ನೂರು ವರ್ಷ ಗೆದ್ದಲು, ನೆರೆ, ಬೆಂಕಿ ಎಲ್ಲವನ್ನೂ ದಾಟಿ ಬಂದ ಪುಸ್ತಕಗಳು ಒಂದು ರಬ್ಬರ್ ಮುದ್ರೆಗೆ ಸಾಯುತ್ತಿದ್ದವು. ಆ ಮುದ್ರೆಯ ಸದ್ದು ಕೇಳಿದಾಗಲೆಲ್ಲ ವಾರಿಜಾಳ ಬೆನ್ನು ನೆಟ್ಟಗಾಗುತ್ತಿತ್ತು.

ಅವಳಿಗೆ ಈ ಕೆಲಸದ ಮೇಲೆ ಇದ್ದದ್ದು ಬರೀ ಇಷ್ಟವಲ್ಲ, ಹುಚ್ಚು. ತ್ರಿಪ್ಪುಣಿತ್ತುರದಲ್ಲಿ ಸೋದರಮಾವ ನಿತ್ಯಾನಂದರ ಮನೆಯಲ್ಲಿದ್ದಳು. ಮಾವ ಬ್ಯಾಂಕಿನವರು. ಅವರ ಮಕ್ಕಳು ಕನ್ನಡದಲ್ಲಿ ಕೇಳಿದ್ದಕ್ಕೆ ಮಲಯಾಳದಲ್ಲಿ ಉತ್ತರಿಸಿ ಓಡಿಹೋಗುವಂಥವರು. ಊಟದ ಹೊತ್ತಿಗೆ ಇವಳು ಯಾವುದೋ ಊರಿನ ಶಾನುಭೋಗ ಜ್ವರ ಬಂದ ವಾರ ಅಕ್ಷರವನ್ನು ಹೇಗೆ ಎಡಕ್ಕೆ ವಾಲಿಸಿದ್ದಾನೆಂದು ಹೇಳತೊಡಗಿದರೆ ಶಂಕರಿ ಅತ್ತೆ ಸಾರಿನ ಸೌಟು ಹಿಡಿದು ಹಾಗೇ ನಿಲ್ಲುತ್ತಿದ್ದರು. ಉಡುಪಿಯ ಒಬ್ಬ ಮೇಷ್ಟ್ರ ಕಡೆಯಿಂದ ಸಂಬಂಧ ಬಂದು ಎರಡು ವರ್ಷವಾಗಿತ್ತು. ವಾರಿಜಾ ಮುಂದೆ ಹಾಕುತ್ತಲೇ ಇದ್ದಳು.

"ಇವಳಿಗೆ ಗಂಡಿನ ಜಾತಕ ಯಾಕೆ ಮಾರಾಯ್ತಿ? ಗದ್ದೆಗಳ ಜಾತಕ ಓದಿಯೇ ಹೊಟ್ಟೆ ತುಂಬ್ತದೆ," ಎಂದು ಮಾವ ಹೆಂಡತಿಗೆ ಹೇಳಿ ನಗುವರು.

ನಗುವ ಮಾತಲ್ಲ ಅದು. ಒಕ್ಕಲು ಎಬ್ಬಿಸಬಾರದೆಂದು ಆಗಲೇ ಕಾನೂನು ಬಂದಿತ್ತು. ಅದಕ್ಕಿಂತ ದೊಡ್ಡ ಮಸೂದೆ ತಿರುವನಂತಪುರದಲ್ಲಿ ಬೇಯುತ್ತಿತ್ತು. ಪುಸ್ತಕದಲ್ಲಿ ಸಾಗುವಳಿದಾರ ಎಂಬ ಕಾಲಮಿನಲ್ಲಿ ಯಾರ ಹೆಸರಿದೆಯೋ ಅವರು ನಾಳೆ ಮಣ್ಣಿನ ಮೇಲೆ ನಿಲ್ಲುವರು, ಇಲ್ಲದವರು ರಸ್ತೆಗೆ. ಒಂದು ಸಾಲು ತಪ್ಪಿದರೆ ಒಂದು ಒಲೆ ಆರುತ್ತದೆ. ಅದನ್ನು ತಿಳಿದು ಕೂತವಳು ಆ ಕೋಣೆಯಲ್ಲಿ ಇವಳೊಬ್ಬಳೇ. ಮಿಕ್ಕವರಿಗೆ ಅದು ದಿನಕ್ಕೆ ಹದಿನೆಂಟು ಪುಟ.

ಮೋಡಿಯನ್ನು ಅವಳಿಗೆ ಕಲಿಸಿದ್ದು ಅಪ್ಪ, ಕಜೆಮಾರು ಗ್ರಾಮದ ಶಾನುಭೋಗ ಸುಬ್ರಾಯರು. ಕಲಿಸಿದ್ದು ಪ್ರೀತಿಯಿಂದಲ್ಲ, ಗತಿಯಿಲ್ಲದೆ. ನಲವತ್ತಾರರಲ್ಲಿ ಅವರ ಎರಡು ಕಣ್ಣಿಗೂ ಪೊರೆ ಬಂತು. ಕಣ್ಣಿಲ್ಲದ ಶಾನುಭೋಗನನ್ನು ಯಾರು ಇಟ್ಟುಕೊಳ್ಳುತ್ತಾರೆ? ಹಾಗಾಗಿ ಹದಿನಾಲ್ಕು ವರ್ಷದ ಮಗಳು ಅಪ್ಪನ ಕೈ ಹಿಡಿದು ಗದ್ದೆಯ ಹುಣಿಯ ಮೇಲೆ ನಡೆಸಿದಳು. ಬಗಲಲ್ಲಿ ಪುಸ್ತಕದ ಗಂಟು. ಬೆಳೆ ನೋಡಲು ಹೋದಲ್ಲಿ ಅಪ್ಪ ಕೇಳುವುದು, ಇವಳು ಬರೆಯುವುದು. ಐದು ವರ್ಷ ಆ ಊರಿನ ಪುಸ್ತಕವನ್ನು ಅಪ್ಪನ ಹೆಸರಿನಲ್ಲಿ ಬರೆದದ್ದು ಈ ಹುಡುಗಿ. ಅಪ್ಪನ ಸಹಿಯನ್ನೂ ಅವಳೇ ಹಾಕಿದಳು. ತಾಲೂಕಿನಿಂದ ಬಂದ ಯಾವ ಸಾಹೇಬನಿಗೂ ಗೊತ್ತಾಗಲಿಲ್ಲ. ಅಕ್ಷರ ಚೆನ್ನಾಗಿದೆಯೆಂದು ಒಬ್ಬರು ಶಾನುಭೋಗರ ಬೆನ್ನು ತಟ್ಟಿ ಹೋಗಿದ್ದರು.

ಸುಬ್ರಾಯರದು ಒಂದು ಪದ್ಧತಿ. ಧಣಿ ಹೇಳಿದ್ದನ್ನು ಮಸಿಯಲ್ಲಿ ಬರೆಸುವರು. ಊರಿನ ಮುಕ್ಕಾಲು ಭೂಮಿ ಹರಿನಾರಾಯಣ ಧಣಿಯದು. ಎಲ್ಲ ಸ್ವಂತ ಸಾಗುವಳಿ ಎಂದು ಧಣಿ ಹೇಳುವರು, ಎಲ್ಲ ಸ್ವಂತ ಸಾಗುವಳಿ ಎಂದು ಪುಸ್ತಕ ಹೇಳುವುದು. ಆದರೆ ಕೆಸರಿನಲ್ಲಿ ನಿಂತವನು ಬೇರೆ. ಬಟ್ಯ, ತನಿಯ, ಅದ್ರಾಮ ಬ್ಯಾರಿ, ಗಂಡ ಸತ್ತ ಕೊರಪೊಳು. ಅವರ ಹೆಸರನ್ನು ಅದೇ ಸಾಲಿನ ಅಂಚಿನಲ್ಲಿ ಪೆನ್ಸಿಲಿನಿಂದ ಸಣ್ಣಗೆ ಬರೆಸುವರು. ಯಾಕೆಂದು ಮಗಳು ಕೇಳಿದಾಗ ಅಪ್ಪ ಹೇಳಿದ್ದು ಇಷ್ಟು:

"ಮಸಿ ಧಣಿಗೆ ಮಗಾ, ಪೆನ್ಸಿಲು ದೇವರಿಗೆ. ಅವ ಕೇಳಿದರೆ ತೋರಿಸ್ಲಿಕ್ಕೆ ನಮ್ಮಲ್ಲಿ ಎಂತಾದರೂ ಬೇಡವಾ?"

ಒಳ್ಳೆಯವರು ಹೀಗೆಯೇ ಸತ್ಯವನ್ನು ಅಂಚಿಗೆ ತಳ್ಳುವುದು. ಅಳಿಸಲು ಬರುವ ಹಾಗೆ ಬರೆದು, ಬರೆದೆನಲ್ಲಾ ಎಂದು ಸಮಾಧಾನದಿಂದ ಮಲಗುವುದು. ದೇವರು ಕೇಳಲಿಲ್ಲ. ಐವತ್ತಮೂರರಲ್ಲಿ ಸುಬ್ರಾಯರು ತೀರಿಕೊಂಡರು. ಕೇಳಲು ಬಂದದ್ದು ಸರಕಾರ, ಅದಕ್ಕೆ ಪೆನ್ಸಿಲು ಕಾಣುವುದಿಲ್ಲ.

ಐವತ್ತೊಂಬತ್ತರ ಜನವರಿಯಲ್ಲಿ ಕಜೆಮಾರಿನ ಪುಸ್ತಕ ಅವಳ ಮೇಜಿಗೆ ಬಂತು. ದಾರ ಬಿಚ್ಚಿದ ಕೂಡಲೇ ತನ್ನದೇ ಹದಿನಾಲ್ಕರ ಅಕ್ಷರ ಅವಳನ್ನು ನೋಡಿತು. ಅಂದು ಮಧ್ಯಾಹ್ನ ಬುತ್ತಿ ಬಿಚ್ಚಲಿಲ್ಲ. ಪುಟ ಪುಟವಾಗಿ ಎಣಿಸಿದಳು. ಸಣ್ಣ ಹಿಡುವಳಿಯ ಹನ್ನೆರಡು ಮನೆಗಳು ಮಸಿಯಲ್ಲಿ ಭದ್ರವಾಗಿದ್ದವು. ಧಣಿಯ ಸಾಲುಗಳ ಅಂಚಿನಲ್ಲಿ ಪೆನ್ಸಿಲಿನ ಹೆಸರು ಮೂವತ್ತೊಂದು. ಕೆಲವು ಮಾಸಿ, ಕಾಗದವನ್ನು ಬೆಳಕಿಗೆ ಓರೆ ಹಿಡಿದರೆ ಮಾತ್ರ ಕಾಣುವಷ್ಟಾಗಿದ್ದವು.

ವಿಭಾಗದ ನಿಯಮ ಗೋಡೆಗೆ ಅಂಟಿಸಿತ್ತು. ಮಸಿಯಲ್ಲಿದ್ದದ್ದನ್ನು ಮಾತ್ರ ಪ್ರತಿ ಮಾಡುವುದು. ನಿಯಮ ಮಾಡಿದವನು ಗದ್ದೆಗೆ ಇಳಿದವನಲ್ಲ. ಇಳಿದಿದ್ದರೆ ಚಪ್ಪಲಿಯಾದರೂ ಅಲ್ಲಿ ಹೂತಿರುತ್ತಿತ್ತು.

ಅವಳು ಮೇಲ್ವಿಚಾರಕ ಕೃಷ್ಣಾನಂದರಲ್ಲಿ ಹೋಗಿ ಕೇಳಿದಳು. ಕೃಷ್ಣಾನಂದರು ಕಾಸರಗೋಡಿನವರೇ. ಇಸ್ತ್ರಿ ಅಂಗಿ, ಮೆಲು ದನಿ, ಯಾರನ್ನೂ ಏಕವಚನದಲ್ಲಿ ಕರೆದವರಲ್ಲ. ಅವರ ಅಕ್ಕನನ್ನು ಕೊಟ್ಟದ್ದು ಕಜೆಮಾರಿನ ಹರಿನಾರಾಯಣ ಧಣಿಗೆ. ಇದು ಕೋಣೆಯಲ್ಲಿ ಎಲ್ಲರಿಗೂ ತಿಳಿದದ್ದೇ. ಅವರಿಗೆ ಮೋಡಿ ಓದಲು ಬಾರದು. ಅದೂ ಎಲ್ಲರಿಗೂ ಗೊತ್ತು, ಯಾರೂ ಹೇಳುವುದಿಲ್ಲ.

"ಪೆನ್ಸಿಲು ಅಂದರೆ ಎಂತ ವಾರಿಜಾ? ಶಾನುಭೋಗರು ಎಲೆಗೆ ಸುಣ್ಣ ಹಚ್ಚುವಾಗ ಗೀಚಿದ್ದು. ಅದಕ್ಕೆಲ್ಲ ಸರಕಾರ ಜವಾಬ್ದಾರಿಯಾ?" ಎಂದು ನಕ್ಕರು. ಆಮೇಲೆ, ಈ ಪುಸ್ತಕ ತೀರ್ಮಾನ ಮಾಡಿ ಬೇಗ ಕೆಳಗೆ ಕಳಿಸಿ, ಧೂಳು ಜಾಸ್ತಿ, ನಿಮ್ಮ ಆರೋಗ್ಯಕ್ಕೆ ಒಳ್ಳೆಯದಲ್ಲ ಎಂದು ಸೇರಿಸಿದರು. ಆರೋಗ್ಯದ ಮಾತು ಅವಳಿಗೆ ಹಿಡಿಸಲಿಲ್ಲ. ಅದುವರೆಗೆ ಅವಳ ಆರೋಗ್ಯವನ್ನು ಅವರು ವಿಚಾರಿಸಿರಲಿಲ್ಲ.

ಫೆಬ್ರವರಿಯಲ್ಲಿ ಒಂದು ದಿನ ರಜೆ ಹಾಕಿ ತಿರುವನಂತಪುರದ ರೈಲು ಹತ್ತಿದಳು. ಚೀಲದಲ್ಲಿ ಹಳೆ ಸೀರೆಯ ತುಂಡು, ಅದರೊಳಗೆ ಪುಸ್ತಕ. ದಾಖಲೆಯನ್ನು ಕಚೇರಿಯ ಹೊಸ್ತಿಲು ದಾಟಿಸಿದರೆ ಕೆಲಸ ಹೋಗುತ್ತದೆ. ಇಡೀ ದಾರಿ ಚೀಲವನ್ನು ಮಡಿಲಿನಿಂದ ಕೆಳಗಿಡಲಿಲ್ಲ. ಕೊಲ್ಲಂ ದಾಟಿದ ಮೇಲೆ ಪಕ್ಕದ ಹೆಂಗಸು ಮಗುವನ್ನು ಮಲಗಿಸಲು ಜಾಗ ಕೇಳಿದಾಗಲೂ ಸರಿದು ಕೂತಳೇ ಹೊರತು ಚೀಲ ಬಿಡಲಿಲ್ಲ.

ಜಮೀನು ದಾಖಲೆಗಳ ದೊಡ್ಡ ಅಧಿಕಾರಿ ಮಲಯಾಳಿ, ನೆರೆತ ಕೂದಲಿನ ಸಭ್ಯ ಮನುಷ್ಯ. ಕುರ್ಚಿ ಕೊಟ್ಟರು. ಪುಸ್ತಕ ಹೊರಗೆ ತಂದದ್ದಕ್ಕೆ ಹುಬ್ಬೇರಿಸಿದರು, ಆದರೆ ಬೈಯಲಿಲ್ಲ. ಪೆನ್ಸಿಲಿನ ಹೆಸರುಗಳನ್ನು ಭೂತಗನ್ನಡಿಯಲ್ಲಿ ನೋಡಿದರು. ದಾರಿ ಇದೆಯೆಂದರು. ಬರೆದ ವ್ಯಕ್ತಿಯೇ ಬಂದು, ಇದು ನನ್ನ ಕೈಬರಹ, ಇಂಥ ವರ್ಷ ಗದ್ದೆಯಲ್ಲಿ ನಿಂತು ಬರೆದೆ ಎಂದು ಪ್ರಮಾಣ ಮಾಡಿದರೆ ಪೆನ್ಸಿಲೂ ದಾಖಲೆಯಾಗುತ್ತದೆ.

ವಾರಿಜಾಳಿಗೆ ಬಾಯಿಯ ತನಕ ಮಾತು ಬಂತು. ಅಷ್ಟರಲ್ಲಿ ಅವರು, ಎಚ್ಚರದ ಮಾತೆಂಬಂತೆ, ತೆಂಕಣ ಕಡೆಯ ಒಂದು ಊರಿನ ಕಥೆ ಹೇಳಿದರು. ಅಲ್ಲಿ ಪುಸ್ತಕವನ್ನು ಗ್ರಾಮದ ಅಧಿಕಾರಿ ಬರೆದಿರಲಿಲ್ಲ, ಅವನ ಭಾವಮೈದುನ ಬರೆದಿದ್ದನಂತೆ. ಗೊತ್ತಾದ ದಿನ ಇಡೀ ಪುಸ್ತಕ ರದ್ದಾಯಿತು. ಕಳ್ಳ ಸಾಲೂ ಹೋಯಿತು, ನಿಜದ ಸಾಲೂ ಹೋಯಿತು. ಅಧಿಕಾರವಿಲ್ಲದವನ ಬರಹ ರದ್ದಿ. ಆ ಊರಿನವರು ಇನ್ನೂ ಕೋರ್ಟಿನಿಂದ ಕೋರ್ಟಿಗೆ ಅಲೆಯುತ್ತಿದ್ದಾರೆ ಎಂದು ಹೇಳಿ ಅಧಿಕಾರಿ ಅವಳ ಮುಖ ನೋಡಿದರು.

"ಇದು ಯಾರ ಕೈ, ಕುಟ್ಟೀ?" ಮಗುವನ್ನು ಕೇಳುವ ಹಾಗೆ ಕೇಳಿದರು.

ಮಸಿಯ ಹನ್ನೆರಡು ಮನೆಗಳು ಅವಳ ಕಣ್ಣ ಮುಂದೆ ನಿಂತವು. ತಾನು ಬಾಯಿ ಬಿಟ್ಟರೆ ಮೂವತ್ತೊಂದು ಬದುಕುವುದಿಲ್ಲ, ಹನ್ನೆರಡೂ ಸಾಯುತ್ತವೆ.

"ಅಪ್ಪನದು," ಎಂದಳು.

"ಅಪ್ಪ ಎಲ್ಲಿ?"

"ಇಲ್ಲ. ತೀರಿಕೊಂಡರು."

ಅವರು ಪುಸ್ತಕವನ್ನು ಮೆಲ್ಲನೆ ಮುಚ್ಚಿ ಅವಳ ಕಡೆಗೆ ಸರಿಸಿದರು. ಹೊರಗೆ ಬಂದಾಗ ಬಿಸಿಲು ತಲೆಯ ಮೇಲಿತ್ತು. ಸೆಕ್ರೆಟೇರಿಯಟ್ಟಿನ ಎದುರು ಯಾರೋ ಭಾಷಣ ಮಾಡುತ್ತಿದ್ದರು, ಭೂಮಿ ಭೂಮಿ ಎಂಬ ಒಂದು ಶಬ್ದ ಮಾತ್ರ ಅವಳ ಕಿವಿಗೆ ಬಿತ್ತು. ನ್ಯಾಯದ ಬಾಗಿಲು ತೆರೆದೇ ಇತ್ತು, ನೋಡಿ. ಒಳಗೆ ಹೋಗುವ ಹಾಗಿರಲಿಲ್ಲ ಅಷ್ಟೆ.

ಮಾರ್ಚಿನಲ್ಲಿ ಅವಳು ಕಜೆಮಾರಿನ ಪ್ರತಿ ಮುಗಿಸಿದಳು. ಒಡೆಯ ಎಂಬ ಕಾಲಮಿನಲ್ಲಿ ಮೂಲದಂತೆಯೇ ಹರಿನಾರಾಯಣ. ಸಾಗುವಳಿದಾರ ಎಂಬ ಕಾಲಮಿನಲ್ಲಿ, ಸ್ವಂತ ಎಂದಿದ್ದ ಮೂವತ್ತೊಂದು ಕಡೆ, ಪೆನ್ಸಿಲಿನ ಮೂವತ್ತೊಂದು ಹೆಸರು. ಕಪ್ಪು ಮಸಿಯಲ್ಲಿ, ದುಂಡಗೆ. ಎರಡು ವರ್ಷದಲ್ಲಿ ಒಂದು ಅಕ್ಷರ, ಒಂದು ಸೊನ್ನೆ ತಪ್ಪಿಸದವಳು. ಊರಿನ ಹೆಸರಲ್ಲಿ ಅನುಮಾನ ಬಂದರೆ ಮೂರು ಪುಸ್ತಕ ತಿರುವುವವಳು. ಅಂಥವಳು ಬರೆದ ಮೊದಲ ಸುಳ್ಳು ಪ್ರತಿ ಅದು. ಆ ಊರಿನ ಬಗ್ಗೆ ಸರಕಾರದ ಕೈಗೆ ಸಿಕ್ಕಿದ ಮೊದಲ ನಿಜದ ಪ್ರತಿಯೂ ಅದೇ.

ಉಳಿದದ್ದು ತಾಳೆ. ಮೂಲವನ್ನು ಒಬ್ಬರು ಗಟ್ಟಿಯಾಗಿ ಓದಬೇಕು, ಪ್ರತಿಯ ಮೇಲೆ ಇನ್ನೊಬ್ಬರು ಗುರುತು ಹಾಕುತ್ತ ಹೋಗಬೇಕು. ಮೂಲ ಓದುವುದು ಮೇಲ್ವಿಚಾರಕರ ಕೆಲಸ. ಬರೆದವರೇ ಓದಿದರೆ ತಾಳೆ ನೋಡಿ ಪ್ರಯೋಜನವೇನು? ಆದರೆ ಕೃಷ್ಣಾನಂದರಿಗೆ ಮೋಡಿ ಬಾರದಲ್ಲ. ಮರ್ಯಾದೆ ಉಳಿಯಬೇಕೆಂದು ವಿಭಾಗದಲ್ಲಿ ಮೊದಲಿನಿಂದಲೂ ಕೆಲಸ ತಿರುಗುಮುರುಗು. ಅವಳು ಓದುವುದು, ಅವರು ಗುರುತು ಹಾಕುವುದು. ಕಲಿಯಲು ಎರಡು ತಿಂಗಳು ಸಾಕಿತ್ತು. ಕಲಿತರೆ ಬಾರದೆಂದು ಒಪ್ಪಿಕೊಂಡ ಹಾಗಾಗುತ್ತದೆ. ಇದು ನಮ್ಮವರ ರೋಗ.

ಊಟದ ನಂತರದ ಹೊತ್ತು. ಕೆಳಗಿನಿಂದ ಒಣಮೀನಿನ ವಾಸನೆ ಕಾದು ಮೇಲೇರುತ್ತಿತ್ತು. ಅವಳು ಹಳೆಯ ಪುಸ್ತಕ ಬಿಡಿಸಿ ಶುರುಮಾಡಿದಳು. ಸರ್ವೆ ನಂಬರು ನಲವತ್ತೊಂಬತ್ತು, ಬೈಲು ಗದ್ದೆ, ಒಡೆಯ ಹರಿನಾರಾಯಣ, ಸಾಗುವಳಿದಾರ ಬಟ್ಯ. ಕೆಂಪು ಪೆನ್ಸಿಲು ಕಾಗದದ ಮೇಲೆ ಸರ್ರೆಂದಿತು. ಐವತ್ತು, ಒಡೆಯ ಹರಿನಾರಾಯಣ, ಸಾಗುವಳಿದಾರ ತನಿಯ. ಸರ್ರ್. ಪ್ರತಿ ಸಾಲಿನಲ್ಲೂ ಭಾವನ ಹೆಸರು ಕಿವಿಗೆ ಬೀಳುತ್ತಿತ್ತು, ಕೃಷ್ಣಾನಂದರಿಗೆ ಅದು ಜೋಗುಳದಂತಾಯಿತು. ಹಿಂದಿನಿಂದ ಬರುವ ಹೆಸರುಗಳನ್ನು ಅವರ ಕೈ ಕೇಳುತ್ತಿತ್ತು, ತಲೆ ಕೇಳುತ್ತಿರಲಿಲ್ಲ. ಅಂಥ ಹೆಸರುಗಳನ್ನು ಅವರ ತಲೆ ಹುಟ್ಟಿದಾಗಿನಿಂದ ಕೇಳಿರಲಿಲ್ಲ.

ಒಂದು ಕಡೆ ಮಾತ್ರ ಪೆನ್ಸಿಲು ನಿಂತಿತು.

"ಕೊರಪೊಳು? ಹೆಂಗಸಾ?"

ಅವರು ತಲೆ ಎತ್ತಿ ಈ ಕಡೆ ಬಗ್ಗಿದರೆ ಸಾಕು. ಮೋಡಿ ಬಾರದವನಿಗೂ ಮಸಿ ಯಾವುದು ಪೆನ್ಸಿಲು ಯಾವುದು ಎಂದು ಕಾಣುತ್ತದೆ. ಅಂಗೈಯನ್ನು ಪುಟದ ಅಂಚಿನ ಮೇಲಿಟ್ಟಳು.

"ಹೌದು ಸಾರ್. ಹೆಂಗಸು."

"ಕಾಲ," ಎಂದು ನಿಟ್ಟುಸಿರಿಟ್ಟು ಗುರುತು ಹಾಕಿದರು. ಕೊನೆಯಲ್ಲಿ 'ಮೂಲದೊಂದಿಗೆ ತಾಳೆ ನೋಡಿದೆ' ಎಂದು ಅವರ ಸಹಿ, ಕೆಳಗೆ ಅವಳದು. ಹೊಸ ಪುಸ್ತಕ ತಿರುವನಂತಪುರಕ್ಕೆ ಹೋಯಿತು. ಹಳೆಯದು ಮುದ್ರೆ ಒತ್ತಿಸಿಕೊಂಡು ಗೋದಾಮಿಗಿಳಿಯಿತು. ಅದು ಬೇಗ ಗಿರಣಿಗೆ ಹೋಗಲೆಂದು ವಾರಿಜಾ ಹಾರೈಸಿದಳು, ಹಾರೈಸಿದ್ದಕ್ಕೆ ತನ್ನ ಮೇಲೆಯೇ ಹೇಸಿಕೊಂಡಳು.

ಜೂನಿನಲ್ಲಿ ಮಸೂದೆ ಪಾಸಾಯಿತು. ಜುಲೈಗೆ ರಾಜ್ಯ ಹೊತ್ತಿಕೊಂಡಿತು. ದಿನವೂ ಸರಕಾರದ ವಿರುದ್ಧ ಮೆರವಣಿಗೆ, ಮುಚ್ಚಿದ ಶಾಲೆ, ಕಲ್ಲು ತಿಂದ ಬಸ್ಸು. ಮಳೆಯಲ್ಲಿ ನೆನೆಯುತ್ತ ಪೊಲೀಸರು ಅಂಗಡಿ ಜಗಲಿಗಳಲ್ಲಿ ಸಾಲಾಗಿ ಕೂತಿರುತ್ತಿದ್ದರು. ಸರಕಾರ ಇವತ್ತು ಬೀಳುತ್ತದೆ, ನಾಳೆ ಬೀಳುತ್ತದೆ ಎಂದು ಬಸ್ಸಿನಲ್ಲಿ ಜನ ಪಿಸುಗುಟ್ಟುವರು. ಅಂಥ ಒಂದು ಬೆಳಿಗ್ಗೆ ಕೃಷ್ಣಾನಂದರು ಅವಳನ್ನು ತಮ್ಮ ಮೇಜಿನ ಪರದೆಯ ಮರೆಗೆ ಕರೆದರು. ಮೇಜಿನ ಮೇಲೆ ಭಾವನ ಕಾಗದ, ತನ್ನ ಗದ್ದೆಗಳಿಗೆ ಒಕ್ಕಲುಗಳ ಹೆಸರು ಹೇಗೆ ಬಂತೆಂದು ಕೇಳಿ. ಅದರ ಪಕ್ಕದಲ್ಲಿ, ಗೋದಾಮಿನ ತಂಪು ಹೀರಿ ಉಬ್ಬಿದ ಕಜೆಮಾರಿನ ಪುಸ್ತಕ. ಹರಾಜು ಗಲಾಟೆಯಿಂದ ಮುಂದಕ್ಕೆ ಹೋಗಿತ್ತು.

ಅವರಿಗೆ ಸಿಟ್ಟು ಬಂದಿರಲಿಲ್ಲ. ಬಂದಿದ್ದರೆ ಅವಳಿಗೆ ಅಷ್ಟು ಭಯವಾಗುತ್ತಿರಲಿಲ್ಲ. ಕೂತುಕೊಳ್ಳಿ ಎಂದರು. ಒಂದು ತಿದ್ದುಪಡಿ ಪತ್ರವನ್ನು ಟೈಪು ಮಾಡಿಸಿಯೇ ಇಟ್ಟಿದ್ದರು. ಕಣ್ತಪ್ಪಿನಿಂದ ಮೂವತ್ತೊಂದು ಸಾಲುಗಳಲ್ಲಿ ದೋಷವಾಗಿದೆ, ಸಾಗುವಳಿದಾರ ಎಂಬಲ್ಲಿ ಸ್ವಂತ ಎಂದು ಓದಿಕೊಳ್ಳತಕ್ಕದ್ದು.

"ಒಂದು ಸಹಿ ವಾರಿಜಾ. ನೀವು ಮರೆಯಿರಿ, ನಾನೂ ಮರೆಯುತ್ತೇನೆ. ಇಲ್ಲದಿದ್ದರೆ ಈ ಪುಸ್ತಕ ನಾಳೆಯೇ ರಿಜಿಸ್ಟರ್ ಟಪಾಲಿನಲ್ಲಿ ಮೇಲಕ್ಕೆ ಹೋಗ್ತದೆ. ಸುಳ್ಳು ತಾಳೆ ಓದಿದ್ದಕ್ಕೆ ಜೈಲು ಉಂಟು. ಗೊತ್ತುಂಟಲ್ಲ?"

"ಗೊತ್ತುಂಟು ಸಾರ್."

ಅವಳು ಸಹಿ ಹಾಕಲಿಲ್ಲ. ಅವರ ಮೇಜಿನಿಂದಲೇ ಒಂದು ಬಿಳಿ ಹಾಳೆ ಎಳೆದುಕೊಂಡಳು. ಅವರದೇ ಲೇಖನಿಯನ್ನು ಅದ್ದಿ, ಕೈ ಎತ್ತದೆ ಒಂದು ಉದ್ದ ಸಾಲು ಮೋಡಿ ಬರೆದಳು. ಹಾಳೆಯನ್ನು ಪುಸ್ತಕದ ತೆರೆದ ಪುಟಕ್ಕೆ ಅಂಟಿಸಿದಂತೆ ಇಟ್ಟಳು. ಓದಲು ಬಾರದಿದ್ದರೂ ಕೃಷ್ಣಾನಂದರಿಗೆ ಕಣ್ಣಿತ್ತು. ಹಾಳೆಯ ಸಾಲು ಪುಸ್ತಕದ ಸಾಲಿನೊಳಗೆ ನೀರು ನೀರಿಗೆ ಸೇರುವ ಹಾಗೆ ಸೇರಿತ್ತು.

"ಈ ಪುಸ್ತಕ ಬರೆದದ್ದು ಅಪ್ಪ ಅಲ್ಲ, ನಾನು. ಅವರಿಗೆ ಕಣ್ಣೇ ಇರಲಿಲ್ಲ. ಪೆನ್ಸಿಲೂ ನನ್ನದು, ಮಸಿಯೂ ನನ್ನದು, ಸಹಿಯೂ ನನ್ನದು. ಕಳಿಸಿ ಸಾರ್. ಕಳಿಸಿದರೆ ನಾನೇ ಹೋಗಿ ಹೇಳ್ತೇನೆ. ಆಗ ಪುಸ್ತಕವೇ ರದ್ದಿ. ನಿಮ್ಮ ಭಾವನವರ ಸ್ವಂತ ಸಾಗುವಳಿಗೆ ಈ ಮಸಿ ಬಿಟ್ಟು ಬೇರೆ ಎಂತ ಉಂಟು? ಹೊಸದಾಗಿ ಬರೆಯಲಿಕ್ಕೆ ಗದ್ದೆಗೆ ಆಳು ಕಳಿಸ್ತಾರೆ. ಉಳುವುದು ಯಾರೆಂದು ಕೆಸರಿನಲ್ಲಿ ನಿಂತವನನ್ನೇ ಕೇಳ್ತಾರೆ."

ಉಸಿರು ತೆಗೆದುಕೊಂಡು, ಬಹಳ ಮೆಲ್ಲನೆ ಸೇರಿಸಿದಳು: "ತಾಳೆಗೆ ನಿಮ್ಮ ಸಹಿಯೂ ಉಂಟು."

ಹೊರಗೆ ಮೆರವಣಿಗೆ ಹೋಗುತ್ತಿತ್ತು. ಅದು ಬೀದಿಯ ತುದಿ ದಾಟುವವರೆಗೂ ಕೃಷ್ಣಾನಂದರು ಹಾಳೆಯನ್ನೂ ಪುಸ್ತಕವನ್ನೂ ತಿರುಗಿಸಿ ತಿರುಗಿಸಿ ನೋಡಿದರು. ಅವಳಿಗೆ ಅಷ್ಟು ಹೊತ್ತೂ ಎದೆಯಲ್ಲಿ ಇದ್ದದ್ದು ಆ ಹನ್ನೆರಡು ಮನೆ. ಹೇಳಿದ್ದನ್ನು ಮಾಡುವೆನೇ? ಮೂವತ್ತೊಂದಕ್ಕಾಗಿ ಹನ್ನೆರಡನ್ನು ಬಾವಿಗೆ ನೂಕುವೆನೇ? ಅವಳಿಗೇ ತಿಳಿದಿರಲಿಲ್ಲ. ಎದುರಿಗೆ ಕೂತವರಿಗೂ ತಿಳಿಯದಿರಲಿ ಎಂಬುದೊಂದೇ ಆಗ ಅವಳ ಪ್ರಾರ್ಥನೆ.

ಅವರು ತಿದ್ದುಪಡಿ ಪತ್ರವನ್ನು ನಾಲ್ಕಾಗಿ ಮಡಚಿ ಕಿಸೆಗಿಟ್ಟರು. ಪುಸ್ತಕವನ್ನು ಎತ್ತಿ ಹಿಂದಿನ ಕಬ್ಬಿಣದ ಕಪಾಟಿನಲ್ಲಿಟ್ಟು ಬೀಗ ಹಾಕಿದರು. ಬೀಗದ ಕೈಯನ್ನು ಜನಿವಾರಕ್ಕೆ ಕಟ್ಟಿ ಅಂಗಿಯೊಳಗೆ ಬಿಟ್ಟುಕೊಂಡರು.

"ಸರಕಾರ ಹೀಗೆಯೇ ಇರುವುದಿಲ್ಲ ವಾರಿಜಾ. ಕಾಲವೂ ಹೀಗೆಯೇ ಇರುವುದಿಲ್ಲ. ಪುಸ್ತಕ ಇಲ್ಲಿಯೇ ಇರಲಿ, ನೋಡುವಾ."

ಜುಲೈ ಕೊನೆಗೆ ಸರಕಾರ ಹೋಯಿತು. ಆ ಸುದ್ದಿ ಬಂದ ದಿನ ಕೃಷ್ಣಾನಂದರು ಎಲ್ಲರಿಗೂ ಸಿಹಿ ತರಿಸಿದರು. ಅವಳ ಮೇಜಿಗೆ ತಾವೇ ತಂದಿಟ್ಟರು. ಮಸೂದೆ ಏನಾಗುತ್ತದೆ, ಯಾರು ಬರುತ್ತಾರೆ, ಹಳೆಯ ಪುಸ್ತಕ ಯಾವ ಸರಕಾರಕ್ಕೆ ಬೇಕಾಗುತ್ತದೆ, ಯಾರಿಗೂ ಗೊತ್ತಿರಲಿಲ್ಲ. ಕಜೆಮಾರಿನಲ್ಲಿ ಬಟ್ಯನೂ ಕೊರಪೊಳುವೂ ಆ ವರ್ಷದ ಭತ್ತದ ನೇಜಿ ನೆಟ್ಟರು. ತಮ್ಮ ಹೆಸರು ಮಸಿಗೆ ಏರಿದ್ದು ಅವರಿಗೆ ತಿಳಿಯದು, ಅದು ಯಾವ ಕಪಾಟಿನ ಬಾಯಿಯಲ್ಲಿ ನೇತಾಡುತ್ತಿದೆ ಎಂಬುದಂತೂ ತಿಳಿಯಲೇ ತಿಳಿಯದು.

ಉಡುಪಿಯ ಮೇಷ್ಟ್ರ ಕಡೆಯವರು ಕೊನೆಯ ಮಾತು ಕೇಳಿ ಬರೆದರು. ವಾರಿಜಾ ಬೇಡವೆಂದಳು. ಶಂಕರಿ ಅತ್ತೆ ಅತ್ತರು, ಆ ಒಣಮೀನಿನ ಮಹಡಿಯಲ್ಲಿ ಎಂತ ಕಂಡಿದ್ದೀ ಎಂದು ಕೇಳಿದರು. ಹೇಳುವ ಹಾಗಿರಲಿಲ್ಲ. ಅವಳು ಊರು ಬಿಟ್ಟ ಮರುದಿನವೇ ಪುಸ್ತಕ ಟಪಾಲು ಹತ್ತುತ್ತದೆ, ಇದು ನನ್ನ ಕೈ ಎನ್ನಲು ಇಲ್ಲಿ ಯಾರೂ ಇರುವುದಿಲ್ಲ. ಇಷ್ಟಪಟ್ಟು ಹಿಡಿದ ಕೆಲಸ ಈಗ ಕಾವಲಾಗಿತ್ತು.

ಡಿಸೆಂಬರಿನಲ್ಲಿ ವಿಭಾಗದ ಕೆಲಸ ಹೆಚ್ಚುಕಡಿಮೆ ಮುಗಿಯಿತು. ಯಾರಿಗೆ ಎಲ್ಲಿಗೆ ವರ್ಗ ಬೇಕೆಂದು ಬರೆದುಕೊಡಲು ಹೇಳಿದರು. ಐದು ಜನ ಕಾಸರಗೋಡು ಎಂದು ಬರೆದು ಅಂದೇ ಹಾಸಿಗೆ ಕಟ್ಟಿದರು. ಉಳಿದ ಪುಸ್ತಕಗಳನ್ನು ನೋಡಿಕೊಳ್ಳಲು ಒಬ್ಬರು ಎರ್ನಾಕುಳಂನಲ್ಲಿಯೇ ಇರಬೇಕಿತ್ತು, ಯಾರಿಗೂ ಬೇಡವಾದ ಜಾಗ. ವಾರಿಜಾ ಅದನ್ನೇ ಬರೆದು ಕೊಟ್ಟಳು. ಕೃಷ್ಣಾನಂದರೂ ಮನೆಯವರನ್ನೆಲ್ಲ ಊರಿಗೆ ಕಳಿಸಿ, ತಮ್ಮ ವರ್ಗದ ಕಾಗದವನ್ನು ಹಿಂದೆ ತೆಗೆದುಕೊಂಡಿದ್ದರು. ಅವಳ ಅರ್ಜಿಯನ್ನು ಓದಿ, ಶಿಫಾರಸು ಮಾಡಿದೆ ಎಂದು ಬರೆಯಲು ಬಗ್ಗಿದರು. ಅಂಗಿಯ ಕೊರಳಿನಿಂದ ಬೀಗದ ಕೈ ಹೊರಗೆ ಜಾರಿ ಅವರಿಬ್ಬರ ನಡುವೆ ನೇತಾಡಿತು. ಇಬ್ಬರೂ ಅದು ನಿಲ್ಲುವವರೆಗೆ ಕಾದರು.